ಸಂತೆ ದಿನ ಒಂದು ಟೇಬಲ್ ಹಾಕಿ, ಅಷ್ಟು ಸಾಕು

ಎಲ್ಲರಿಗೂ ನಮಸ್ಕಾರ. ಇವತ್ತು ಡಿಗ್ರಿ ಮುಗಿಸ್ಕೊಂಡು ಕೆಲಸ ಇಲ್ದೆ ಮನೇಲಿ ಕೂತಿರೋ ನಮ್ಮ ಕೊಡಗಿನ ಹುಡುಗ್ರು ಹುಡುಗೀರ ಬಗ್ಗೆ ಮಾತಾಡ್ಬೇಕು, ಬಹಳ ದಿನದಿಂದ ಮನಸ್ಸಲ್ಲಿ ಕೊರೀತಾ ಇದೆ.

ನಮ್ಮ ಅಪ್ಪನ ಕಾಲದಲ್ಲಿ ಉದ್ಯೋಗ ವಿನಿಮಯ ಕಚೇರಿ ಅಂದ್ರೆ ಮಡಿಕೇರಿಗೆ ಹೋಗೋದು, ಮಾರ್ಕ್ಸ್ ಕಾರ್ಡ್ ತೋರ್ಸೋದು, ಒಂದು ಕಾರ್ಡ್ ಮಾಡಿಸ್ಕೊಂಡು ಬರೋದು. ಆಮೇಲೆ ರಿನ್ಯೂವಲ್‌ಗೆ ಮತ್ತೆ ಹೋಗ್ಬೇಕಿತ್ತು, ಕಷ್ಟನೇ, ಆದ್ರೆ ಕಿಟಕಿ ಆಚೆ ಒಬ್ರು ಮನುಷ್ಯರು ಕೂತಿರ್ತಿದ್ರು, ಇದು ಸರಿಯಿಲ್ಲ ಅಂದ್ರೆ ಏನು ಸರಿಯಿಲ್ಲ ಅಂತ ಹೇಳೋರು. 2015ರಲ್ಲಿ ಕೆಲಸ ಹುಡ್ಕೋರಿಗೆ ಅಂತ ಕೇಂದ್ರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್ ಬಂತು, ಇಲ್ಲಿ ಸರ್ಕಾರಿ ಅರ್ಜಿ ಹಾಕೋಕೆ ರಾಜ್ಯದ ಸೇವಾ ಸಿಂಧು ಪೋರ್ಟಲ್ ಬಂತು, ಈಗ ಎಲ್ಲಾ ಫೋನಲ್ಲೇ. ಆನ್‌ಲೈನ್ ಬೇಡ ಅಂತ ನಾನು ಹೇಳ್ತಿಲ್ಲ, ನೆಟ್ವರ್ಕ್ ಇರೋ ಕಡೆ ಅದರಿಂದ ಎಷ್ಟೋ ಜನಕ್ಕೆ ಬಸ್ ಚಾರ್ಜ್ ಉಳಿದಿದೆ.

ಆದ್ರೆ ನಮ್ಮ ಚಿಕ್ಕಮ್ಮನ ಮಗಳ ಕಥೆ ಕೇಳಿ. ಬಿರುನಾಣಿ ಕಡೆ ಮನೆ. 2023ರಲ್ಲಿ ಬಿಕಾಂ ಮುಗೀತು. ಡಿಸೆಂಬರಲ್ಲಿ ಯುವನಿಧಿ, ಅಂದ್ರೆ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ, ಅದರ ನೋಂದಣಿ ಶುರುವಾಯ್ತಲ್ಲ, ಡಿಗ್ರಿಯವ್ರಿಗೆ ತಿಂಗಳಿಗೆ 3000, ಡಿಪ್ಲೊಮಾದವ್ರಿಗೆ 1500, ಪಾಸಾಗಿ 180 ದಿನ ಆದ್ರೂ ಕೆಲಸ ಸಿಗ್ದೆ ಇರೋರಿಗೆ ಎರಡು ವರ್ಷದ ತನಕ. ಅರ್ಜಿ ಹಾಕೋಕೆ ಕೂತ್ರೆ ಓಟಿಪಿ ಬರ್ತಿಲ್ಲ, ಯಾಕಂದ್ರೆ ಆಧಾರ್‌ಗೆ ಕೊಟ್ಟಿದ್ದು ಅವಳಪ್ಪನ ಹಳೇ ನಂಬರು, ರೀಚಾರ್ಜ್ ಇಲ್ದೆ ಆ ಸಿಮ್ಮೇ ಬಂದ್ ಆಗಿತ್ತು. ನಂಬರ್ ಬದಲಾಯಿಸ್ಬೇಕಂದ್ರೆ ಆಗ ಬೆರಳು ಕೊಡೋಕೆ ಆಧಾರ್ ಸೆಂಟರ್‌ಗೇ ಹೋಗ್ಬೇಕಿತ್ತು. ಬೆಳಗ್ಗಿನ ಬಸ್ ಹಿಡ್ದು ಹೋದ್ರೆ ಇವತ್ತಿನ ಟೋಕನ್ ಮುಗೀತು ಅಂದ್ರು, ಇನ್ನೊಂದಿನ ಹೋದ್ಲು. ಹೇಗೋ ಅರ್ಜಿ ಆಯ್ತು, ದುಡ್ಡೂ ಬರೋಕೆ ಶುರುವಾಯ್ತು.

ಆಗ ಪ್ರತಿ ತಿಂಗಳು 25ರೊಳಗೆ ನನಗಿನ್ನೂ ಕೆಲಸ ಸಿಕ್ಕಿಲ್ಲ, ನಾನು ಓದ್ತಾನೂ ಇಲ್ಲ ಅಂತ ಸ್ವಯಂ ಘೋಷಣೆ ಕೊಡ್ಬೇಕಿತ್ತು. ಜುಲೈ ಮಳೆ ನಿಮಗೇ ಗೊತ್ತಲ್ಲ, ಮರ ಬಿದ್ದು ಮೂರು ದಿನದಿಂದ ಕರೆಂಟಿಲ್ಲ, ಟವರ್ ಸತ್ತೋಗಿದೆ. ಆ ಹುಡುಗಿ ಫೋನ್‌ಗೆ ಪ್ಲಾಸ್ಟಿಕ್ ಕವರ್ ಸುತ್ಕೊಂಡು, ಕೊಡೆ ಹಿಡ್ಕೊಂಡು, ಜಿಗಣೆ ಕಚ್ಚಿಸ್ಕೊಂಡು ಮನೆ ಹತ್ರದ ಬಾಣೆ, ಅಂದ್ರೆ ಗುಡ್ಡದ ಜಾಗ, ಅದರ ಮೇಲೆ ಹತ್ತಿ ನಿಂತ್ರೆ ಒಂದು ಕಡ್ಡಿ ಸಿಗ್ನಲ್ ಬರುತ್ತೆ, ಪೇಜ್ ಸುತ್ತುತ್ತೆ ಸುತ್ತುತ್ತೆ, ಅಷ್ಟರಲ್ಲಿ ಹೋಗುತ್ತೆ. ಆ ತಿಂಗಳು ತಪ್ಪಿಹೋಯ್ತು. ಒಂದು ಆಫೀಸಿಗೆ ಹೋಗಿ ಕೇಳಿದ್ರೆ ನಮ್ಮ ಕೈಲಿ ಏನಿಲ್ಲಮ್ಮ, ಎಲ್ಲಾ ಆನ್‌ಲೈನ್ ಅಂದ್ರು. ಅವ್ರು ಬಯ್ಲಿಲ್ಲ, ಪಾಪ ಅವ್ರ ಕೈಲಿ ನಿಜವಾಗ್ಲೂ ಏನಿರ್ಲಿಲ್ಲ. ನಂಗೆ ಹೊಟ್ಟೆ ಉರಿಯೋದೇ ಅಲ್ಲಿ. ಆಫೀಸಿದೆ, ಜನ ಇದಾರೆ, ಅಧಿಕಾರ ಮಾತ್ರ ಪೋರ್ಟಲ್ ಒಳಗೆ ಹೋಗಿ ಕೂತ್ಕೊಂಡಿದೆ.

ಆಮೇಲೆ ಆ ಘೋಷಣೆನ ಮೂರು ತಿಂಗಳಿಗೊಂದ್ಸಲ ಮಾಡಿದ್ರು, ಒಳ್ಳೇ ಕೆಲಸ, ಅದನ್ನ ಒಪ್ಕೋಬೇಕು. ಅಂದ್ರೆ ನಿಯಮ ಬದಲಾಯಿಸೋಕೆ ಆಗುತ್ತೆ ಅಂತಾಯ್ತಲ್ಲ?

ಇನ್ನು ತೋಟದ ಕಾರ್ಮಿಕರ ಲೈನ್ ಮನೆ ಮಕ್ಕಳು. ಯರವ ಬುಡಕಟ್ಟಿನವರ ಹಾಡಿಯಿಂದ, ಜೇನುಕುರುಬರ ಹಾಡಿಯಿಂದ ಮನೇಲಿ ಮೊದಲನೇ ಸಲ ಒಬ್ಬ ಡಿಪ್ಲೊಮಾ ಮಾಡಿರ್ತಾನೆ, ಅವನಿಗೆ ಇದನ್ನೆಲ್ಲ ಕೂರ್ಸಿ ಹೇಳ್ಕೊಡೋರು ಯಾರು? ಕುಟ್ಟದಿಂದ ಗೋಣಿಕೊಪ್ಪ, ವಿರಾಜಪೇಟೆ ದಾಟಿ ಮಡಿಕೇರಿಗೆ ಬಂದು ವಾಪಸ್ ಹೋಗೋಷ್ಟ್ರಲ್ಲಿ ಒಂದು ದಿನದ ಕೂಲಿ ಹೋಯ್ತು. ರೈಲಂತೂ ನಮ್ಮ ಜಿಲ್ಲೆಗೇ ಇಲ್ಲ.

ಅದಕ್ಕೆ ನಾನು ಕೇಳೋದು ಇಷ್ಟೇ, ಸಂತೆ ದಿನ ಸಂತೆ ಹತ್ರ ಒಂದು ಟೇಬಲ್ ಹಾಕಿ. ಶನಿವಾರಸಂತೆಗೆ ಶನಿವಾರ, ಮಡಿಕೇರಿಗೆ ಶುಕ್ರವಾರ, ಹೀಗೆ ಒಂದೊಂದೂರಿಗೆ ಅದರದ್ದೇ ದಿನ. ಹೇಗೂ ತರಕಾರಿಗೆ, ಒಣಮೀನಿಗೆ ಎಲ್ಲರೂ ಬಂದೇ ಬರ್ತಾರೆ. ಒಂದು ಲ್ಯಾಪ್‌ಟಾಪ್, ಬೆರಳು ಒತ್ತೋ ಮೆಷಿನ್, ತಪ್ಪಿದ್ದನ್ನ ಅಲ್ಲೇ ಸರಿ ಮಾಡೋ ಅಧಿಕಾರ ಇರೋ ಒಬ್ರು. ಮಳೆಗಾಲದ ಮೂರು ತಿಂಗಳು ಕಾಗದದ ಮೇಲೆ ಸೈನ್ ಹಾಕಿದ ಘೋಷಣೆನೂ ತಗೊಳ್ಳಿ. ಕೆಲಸದ ಲಿಸ್ಟೂ ಅಲ್ಲೇ ಅಂಟ್ಸಿ. 25 ಜನ ಅಥವಾ ಅದಕ್ಕಿಂತ ಜಾಸ್ತಿ ಇರೋ ಕಂಪನಿ ಖಾಲಿ ಹುದ್ದೆನ ಉದ್ಯೋಗ ಕಚೇರಿಗೆ ತಿಳಿಸ್ಬೇಕು ಅಂತ 1959ರಲ್ಲೇ ಕಾಯ್ದೆ ಮಾಡಿದ್ರು, ಇಲ್ಲಿ ನೋಡಿದ್ರೆ ರೆಸಾರ್ಟ್ ಕೆಲಸ ಎಲ್ಲಾ ವಾಟ್ಸಾಪ್ ಗ್ರೂಪಲ್ಲೇ ಹಂಚ್ಕೊಂಡು ಹೋಗುತ್ತೆ, ಗ್ರೂಪಲ್ಲಿ ಇಲ್ದೆ ಇರೋನಿಗೆ ಸುದ್ದಿನೇ ಇಲ್ಲ.

ಜಿಲ್ಲಾಧಿಕಾರಿಗಳಿಗೆ ಕೊಡೋಕೆ ನಾವೊಂದಷ್ಟು ಜನ ಮನವಿ ಬರೀತಾ ಇದೀವಿ. ನಿಮಗೂ ಹೀಗೆ ಯಾವುದಾದ್ರೂ ತಿಂಗಳು ತಪ್ಪಿದ್ರೆ ತಾರೀಕು ಸಮೇತ ಒಂದು ಹಾಳೇಲಿ ಬರ್ಕೊಂಡಿಟ್ಟಿರಿ, ಅದನ್ನೂ ಜೊತೆಗೆ ಸೇರ್ಸಿ ಕೊಡೋಣ.