ವಿಜಯಪುರಕ್ಕೆ ಎರಡು ಬೆಳಗು ಕೊಡಿ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಮನೆ ಇರುವುದು ವಿಜಯಪುರದ ಸ್ಟೇಷನ್ ರಸ್ತೆಯ ಹತ್ತಿರ. ಹಾಗಾಗಿ ವರ್ಷಪೂರ್ತಿ ಬೀಗರು, ನೆಂಟರು, ನೆಂಟರ ಗೆಳೆಯರು ಬರುತ್ತಲೇ ಇರುತ್ತಾರೆ. ಬಂದವರು ಚೀಲ ಕೆಳಗಿಡುವ ಮೊದಲೇ ಕೇಳುತ್ತಾರೆ: "ಗೋಳಗುಮ್ಮಟ ನೋಡಿಕೊಂಡು ಹನ್ನೊಂದಕ್ಕೆ ಹೊರಟರೆ ಸಂಜೆಯೊಳಗೆ ಬಾದಾಮಿ ಮುಟ್ಟುತ್ತೇವಲ್ಲ?" ಮುಟ್ಟುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅವರು ನೋಡಿದ್ದು ಒಂದು ಕಟ್ಟಡವನ್ನು. ಊರನ್ನು ನೋಡಲಿಲ್ಲ. ಅವರನ್ನು ಕಳಿಸಿ ಬಾಗಿಲು ಹಾಕಿಕೊಳ್ಳುವಾಗ ಪ್ರತಿ ಸಲ ನನಗೆ ಹೊಟ್ಟೆ ಚುರುಕ್ ಅನ್ನುತ್ತದೆ.

ಅದಕ್ಕೇ ಇವತ್ತು ನಿಮ್ಮ ಹತ್ತಿರ ಒಂದು ಕೇಳಿಕೆ. ವಿಜಯಪುರಕ್ಕೆ ಎರಡು ಬೆಳಗು ಕೊಡಿ. ಅಂದರೆ ಒಂದು ರಾತ್ರಿ ಇಲ್ಲಿ ತಂಗಿ. ಒಂದು ಬೆಳಗು ಊರಿನ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ನಡುವಿನ ಸಂಜೆ ಊರಿನ ನಡುವಿಗೆ. ಇಷ್ಟು ಸಾಕು.

ಮೊದಲು ಬರುವ ದಾರಿ. ಬೆಂಗಳೂರು, ಮೈಸೂರು ಕಡೆಯವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ರೈಲೇ ಚೆಂದ. ಹುಬ್ಬಳ್ಳಿ, ಗದಗ, ಬಾಗಲಕೋಟೆ ದಾಟಿ ಬರುತ್ತದೆ. ಬಾಗಲಕೋಟೆ ಬಿಟ್ಟ ಮೇಲೆ ನಿದ್ದೆ ಮಾಡಬೇಡಿ. ಕೃಷ್ಣೆ ಬರುತ್ತಾಳೆ, ಆಲಮಟ್ಟಿ ಬರುತ್ತದೆ. ಆಮೇಲೆ ಮರವೇ ಕಾಣದ ಎರೆಹೊಲ. ಚಳಿಗಾಲವಾದರೆ ಆ ಹೊಲದ ತುಂಬ ಬಿಳಿಜೋಳ ನಿಂತಿರುತ್ತದೆ. ಊರು ಹತ್ತಿರ ಬಂದಾಗ ಎಡಗಡೆಯ ಕಿಟಕಿಗೆ ಬನ್ನಿ. ಗುಮ್ಮಟ ನಿಮಗಿಂತ ಮೊದಲೇ ನಿಮ್ಮನ್ನು ನೋಡಿರುತ್ತದೆ.

ಬಸ್ಸಿನಲ್ಲಿ ಬಂದರೆ ಸೊಲ್ಲಾಪುರದಿಂದ 100 ಕಿಲೋಮೀಟರ್, ಹುಬ್ಬಳ್ಳಿಯಿಂದ ಸುಮಾರು 200. ಹುಬ್ಬಳ್ಳಿ, ಬಾಗಲಕೋಟೆ ಕಡೆಯಿಂದ ಬರುವ ಬಸ್ಸುಗಳು ಕೊಲ್ಹಾರದ ಉದ್ದನೆಯ ಸೇತುವೆ ದಾಟುತ್ತವೆ. ಕೊಲ್ಹಾರದಲ್ಲಿ ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಗಟ್ಟಿ ಮೊಸರು ಮಾರುತ್ತಾರೆ. ಬಸ್ಸು ನಿಂತರೆ ಬಿಡಬೇಡಿ. ಅಂಥ ಮೊಸರು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. 2014ರ ನವೆಂಬರ್ 1ರಿಂದ ನಮ್ಮೂರು ಸರ್ಕಾರಿ ಲೆಕ್ಕದಲ್ಲಿ ವಿಜಯಪುರ. ಆದರೆ ಬಸ್ ನಿಲ್ದಾಣದಲ್ಲಿ "ಬಿಜಾಪುರ, ಬಿಜಾಪುರ" ಎಂದು ಕೂಗಿದರೆ ಗಾಬರಿಯಾಗಬೇಡಿ, ಅದೇ ಊರು. ಟಿಕೆಟ್ ತೆಗೆಸುವಾಗ ಮಾತ್ರ ಎಚ್ಚರ ಇರಲಿ. ಬೆಂಗಳೂರಿನ ಹತ್ತಿರ, ದೇವನಹಳ್ಳಿ ತಾಲ್ಲೂಕಿನಲ್ಲಿ ಇನ್ನೊಂದು ವಿಜಯಪುರ ಇದೆ.

ಯಾವಾಗ ಬರಬೇಕು? ನವೆಂಬರ್‌ನಿಂದ ಫೆಬ್ರುವರಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಕಲ್ಲು ಕಾದ ಹಂಚಾಗುತ್ತದೆ. ಸಂಕ್ರಾಂತಿ ಸುತ್ತಮುತ್ತ ಸಿದ್ಧೇಶ್ವರ ಜಾತ್ರೆ. ಜಾತ್ರೆ ನೋಡಲೆಂದೇ ಬರುವುದಾದರೆ ಬನ್ನಿ, ಬಹಳ ಸಂತೋಷ. ಆದರೆ ಮೊದಲೇ ಕೋಣೆ ಹಿಡಿದುಕೊಂಡು ಬನ್ನಿ.

ಊರೊಳಗೆ ಓಡಾಡುವುದು ಕಷ್ಟವಲ್ಲ. ಹಳೆ ಊರಿನ ಕೋಟೆಗೋಡೆಯ ಸುತ್ತಳತೆಯೇ ಸುಮಾರು 10 ಕಿಲೋಮೀಟರ್. ಪೂರ್ವದ ತುದಿಗೆ ಗೋಳಗುಮ್ಮಟ ಮತ್ತು ರೈಲು ನಿಲ್ದಾಣ. ಪಶ್ಚಿಮದ ಗೋಡೆಯಾಚೆ ಇಬ್ರಾಹಿಂ ರೋಜಾ. ನಡುವೆ ಗಾಂಧಿ ಚೌಕ. ಇಷ್ಟು ತಲೆಯಲ್ಲಿದ್ದರೆ ನೀವು ದಾರಿ ತಪ್ಪುವುದಿಲ್ಲ. ಆಟೋ ಇದೆ, ಸಿಟಿ ಬಸ್ಸಿದೆ, ನಾಲ್ಕಾರು ಜನ ಸೇರಿ ಹೋಗುವ ಟಂಟಂ ಇದೆ. ಟಾಂಗಾ ಈಗ ಬಹಳ ಕಡಿಮೆ. ನಾನು ಮದುವೆಯಾಗಿ ಬಂದಾಗ ಸ್ಟೇಷನ್ ಎದುರು ಸಾಲಾಗಿ ನಿಂತಿರುತ್ತಿದ್ದವು. ಈಗಲೂ ಒಂದು ಕಣ್ಣಿಗೆ ಬಿದ್ದರೆ ಹತ್ತಿ ಕೂಡಿ. ಬಾಡಿಗೆ ಎಷ್ಟು ಎಂದು ಮೊದಲೇ ಮಾತಾಡಿಕೊಳ್ಳಿ. ಗಡಿಬಿಡಿ ಮಾಡಬೇಡಿ ಅಂತಲೂ ಹೇಳಿ. ಕುದುರೆಗೂ ಒಳ್ಳೆಯದು, ನಿಮಗೂ ಒಳ್ಳೆಯದು.

ಈಗ ಮೊದಲ ಬೆಳಗು. ಗೋಳಗುಮ್ಮಟದ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ.

ನಾನು ಹುಟ್ಟಿದ್ದು ಸಿಂದಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಏಳನೆಯ ಇಯತ್ತೆಯಲ್ಲಿದ್ದಾಗ ಶಾಲೆಯಿಂದ ಪ್ರವಾಸ ಬಂದಿದ್ದೆವು. ಮಧ್ಯಾಹ್ನದ ಹೊತ್ತು, ಎಂಟು ಹತ್ತು ಶಾಲೆಗಳ ಹುಡುಗರು ಒಟ್ಟಿಗೆ. ನಮಗೆ ಅರ್ಧ ತಾಸು ಕೊಟ್ಟರು. ಮೇಲೆ ಹತ್ತಿದೆವು, ಕಿರುಚಿದೆವು, ಎಲ್ಲರೂ ಕಿರುಚಿದರು, ಇಳಿದೆವು. ಕಿವಿ ಗುಂಯ್ ಅಂದದ್ದು ಬಿಟ್ಟರೆ ನನಗೆ ಏನೂ ನೆನಪಿಲ್ಲ. "ಪಿಸುಮಾತು ಕೇಳುತ್ತದೆ" ಎಂದು ಪುಸ್ತಕದಲ್ಲಿ ಓದಿದ್ದು ಸುಳ್ಳೇ ಇರಬೇಕು ಅಂದುಕೊಂಡೇ ಬೆಳೆದೆ.

ಮದುವೆಯಾದ ವರ್ಷ, ಒಂದು ಡಿಸೆಂಬರ್ ಬೆಳಗ್ಗೆ ನಮ್ಮ ಮನೆಯವರು ಕರೆದುಕೊಂಡು ಹೋದರು. ಒಳಗೆ ನಾವು ಇಬ್ಬರೇ. ಮೂಲೆಯ ಗೋಪುರ ಏಳು ಅಂತಸ್ತು. ಮೆಟ್ಟಿಲು ಕಡಿದು, ದಾರಿ ಇಕ್ಕಟ್ಟು. ಹತ್ತಿ ಮೇಲೆ ಬಂದರೆ ಗುಮ್ಮಟದ ಬುಡದ ಸುತ್ತ ಬಯಲು, ಅಲ್ಲಿಂದ ಊರೆಲ್ಲ ಕಾಣುತ್ತದೆ. ಸಣ್ಣ ಬಾಗಿಲು ಹೊಕ್ಕರೆ ಒಳಗೆ ದುಂಡನೆಯ ಪಡಸಾಲೆ. ನನ್ನನ್ನು ಒಂದು ಕಡೆ ಗೋಡೆಗೆ ಕಿವಿ ಹಚ್ಚಿ ಕೂರಿಸಿ ಅವರು ಸುತ್ತು ಹಾಕಿ ಎದುರು ಬದಿಗೆ ಹೋದರು. ನಡುವೆ ಸುಮಾರು 38 ಮೀಟರ್ ಖಾಲಿ ಗಾಳಿ. ಗೋಡೆಯೊಳಗಿಂದ ಮಾತು ಬಂತು: "ಚಾ ಕುಡಿಯೂಣೇನು?"

ಯಾರೋ ನನ್ನ ಕಿವಿಯ ಪಕ್ಕದಲ್ಲೇ ನಿಂತು ಕೇಳಿದ ಹಾಗಿತ್ತು. ನಾನು ಹಿಂತಿರುಗಿ ನೋಡಿಬಿಟ್ಟೆ. ದುಂಡು ಗೋಡೆ ಆ ಮಾತನ್ನು ಜಾರಿಸಿಕೊಂಡು ತಂದು ನನ್ನ ಕಿವಿಗೆ ಹಾಕಿತ್ತು. ಕೂಗಿದರೆ ಇದು ಸಿಗುವುದಿಲ್ಲ. ಗದ್ದಲದಲ್ಲಿ ಸಿಗುವುದಿಲ್ಲ. ಬೆಳಗಿನ ಮೊದಲ ಒಂದು ತಾಸಿನಲ್ಲಿ ಸಿಗುತ್ತದೆ.

ಕೆಳಗೆ ಬಂದು ಗೋರಿಗಳ ಕಟ್ಟೆಯ ಹತ್ತಿರ ನಿಂತು ತಲೆ ಎತ್ತಿ. ಒಳಗೆ ಒಂದೇ ಒಂದು ಕಂಬ ಇಲ್ಲ. ಕೋಣೆ ಚೌಕ, ಚಾವಣಿ ದುಂಡು. ಚೌಕದ ಮೇಲೆ ದುಂಡು ಹೇಗೆ ಕೂತಿತು? ಗೋಡೆಗಳಿಂದ ಎದ್ದ ಎಂಟು ಕಮಾನುಗಳು ಒಂದನ್ನೊಂದು ಹಾದು ಹೋಗುತ್ತವೆ, ಬುಟ್ಟಿಯ ಹೆಣಿಗೆ ಇದ್ದ ಹಾಗೆ. ಹಾಗೆ ಹಾಯುತ್ತ ಚೌಕವನ್ನು ಕಿರಿದು ಮಾಡುತ್ತವೆ. ಗುಮ್ಮಟದ ಭಾರ ಗೋಡೆಯನ್ನು ಹೊರಕ್ಕೆ ನೂಕುತ್ತದೆ, ಒಳಕ್ಕೆ ಬಾಗಿದ ಈ ಕಲ್ಲುಗಳ ಭಾರ ಅದನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. 1656ರಲ್ಲಿ ಈ ಊರನ್ನಾಳಿದ ಸುಲ್ತಾನ ಮುಹಮ್ಮದ್ ಆದಿಲ್ ಶಾಹಿ ತೀರಿಕೊಂಡು ಇಲ್ಲಿ ಮಲಗಿದಾಗಿನಿಂದ ಈ ಎಳೆದಾಟ ನಡೆದೇ ಇದೆ. ಅವನ ಪಕ್ಕದಲ್ಲಿ ಇಬ್ಬರು ಬೇಗಂರು, ಮಗಳು, ಮೊಮ್ಮಗ, ಜೊತೆಗೆ ರಂಭಾ ಎಂಬ ಅವನ ಮೆಚ್ಚಿನ ನರ್ತಕಿ ಮಲಗಿದ್ದಾರೆ. ಮೇಲೆ ಕಾಣುವುದು ಗುರುತಿನ ಗೋರಿಗಳು ಮಾತ್ರ, ನಿಜವಾದವು ನೆಲಮಾಳಿಗೆಯಲ್ಲಿವೆ.

ಎದುರಿಗೇ ವಸ್ತುಸಂಗ್ರಹಾಲಯ ಇದೆ. ಶುಕ್ರವಾರ ರಜೆ, ಅದನ್ನು ನೋಡಿಕೊಂಡು ದಿನ ಗೊತ್ತು ಮಾಡಿ. ಬಿಸಿಲೇರುವ ಮೊದಲು ಜುಮ್ಮಾ ಮಸೀದಿಗೂ ಹೋಗಿ ಬನ್ನಿ. ಹತ್ತಿರವೇ ಇದೆ. ಸಾಲು ಸಾಲು ಬಿಳಿ ಕಮಾನು, ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದರಂತೆ ಗೆರೆ ಎಳೆದ 2,250 ನಮಾಜಿನ ಜಾಗ. ಚಪ್ಪಲಿ ಹೊರಗೆ ಬಿಡಬೇಕು. ಚೀಲದಲ್ಲಿ ಒಂದು ಜೊತೆ ಕಾಲುಚೀಲ ಇಟ್ಟುಕೊಂಡಿರಿ, ಅಂಗಳದ ಕಲ್ಲು ಅಂಗಾಲು ಸುಡುತ್ತದೆ. ಅಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ, ಮೆತ್ತಗೆ ಓಡಾಡಿ.

ಮಧ್ಯಾಹ್ನ ಖಾನಾವಳಿ. ದೊಡ್ಡ ಹೋಟೆಲು ಹುಡುಕಬೇಡಿ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳಿದ ಕಡೆ ನುಗ್ಗಿ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣಗಾಯಿ, ಜುಣಕ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಅನ್ನುತ್ತಾರೆ ನಮ್ಮ ಕಡೆ. ಆ ಡೋಣಿ ನದಿಯ ದಂಡೆಯ ಜೋಳದ ರುಚಿ ತಿಂದೇ ತಿಳಿಯಬೇಕು. ಉಂಡು ಒಂದು ನಿದ್ದೆ ಮಾಡಿ. ಈ ಊರಿನಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ತಿರುಗಾಡುವವರು ಪ್ರವಾಸಿಗರು ಮಾತ್ರ.

ನಾಲ್ಕರ ಮೇಲೆ ಊರಿನ ನಡುಭಾಗ. ಇದನ್ನು ನಡೆದೇ ನೋಡಬೇಕು. ಅಸರ್ ಮಹಲ್, ಮೆಹತರ್ ಮಹಲಿನ ಕಲ್ಲಿನ ಕುಸುರಿ, ಗಗನ ಮಹಲಿನ ದೊಡ್ಡ ಕಮಾನು, ಎಲ್ಲವೂ ಒಂದಕ್ಕೊಂದು ಹತ್ತಿರ. ಗಗನ ಮಹಲ್ 1561ರದು. ನಡುವಿನ ಕಮಾನು ಸುಮಾರು 60 ಅಡಿ ಅಗಲ. 1686ರಲ್ಲಿ ಕೊನೆಯ ಸುಲ್ತಾನ ಸಿಕಂದರ್ ಔರಂಗಜೇಬನಿಗೆ ಶರಣಾದದ್ದು ಇಲ್ಲೇ ಎನ್ನುತ್ತಾರೆ. ಈಗ ಅಲ್ಲಿ ಹುಲ್ಲಿನ ಮೇಲೆ ಮಕ್ಕಳು ಆಡುತ್ತಿರುತ್ತವೆ. ಹತ್ತಿರದಲ್ಲೇ, ಅರಕಿಲ್ಲೆ ಎಂಬ ಒಳಕೋಟೆಯೊಳಗೆ, ಕಂದಕದ ಪಕ್ಕ ಅರಳಿಮರದ ಕೆಳಗೆ ನರಸಿಂಹ ದೇವರ ಗುಡಿ ಇದೆ. ಅಲ್ಲೂ ಎರಡು ನಿಮಿಷ ಕೂತು ಬನ್ನಿ. ಐದರ ಹೊತ್ತಿಗೆ ಬಾರಾ ಕಮಾನಿಗೆ ಹೋಗಿ. ಎರಡನೆಯ ಅಲಿ ಆದಿಲ್ ಶಾಹಿ ತನಗಾಗಿ ಕಟ್ಟಿಸುತ್ತಿದ್ದ ಗೋರಿ, ಅರ್ಧಕ್ಕೇ ನಿಂತಿತು. ಚಾವಣಿಯೇ ಇಲ್ಲ. ಕಪ್ಪು ಕಮಾನುಗಳ ನಡುವಿಂದ ಇಳಿಬಿಸಿಲು ಬೀಳುವುದನ್ನು ನೋಡುತ್ತ ಕೂತರೆ ನನಗೆ ಏಳುವ ಮನಸ್ಸಾಗುವುದಿಲ್ಲ.

ಎರಡನೆಯ ಬೆಳಗು ಪಶ್ಚಿಮಕ್ಕೆ. ಮೊದಲು ಉಪ್ಪಲಿ ಬುರುಜು, ಸುಮಾರು 80 ಅಡಿ ಎತ್ತರ. ಮೆಟ್ಟಿಲು ಹೊರಗಡೆಯಿಂದಲೇ ಸುತ್ತಿಕೊಂಡು ಏರುತ್ತದೆ. ಮಕ್ಕಳ ಕೈ ಬಿಡಬೇಡಿ. ಅಲ್ಲಿಂದ ಸ್ವಲ್ಪ ದೂರದಲ್ಲಿ ಕೋಟೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಬಾಯಿ ನೋಡಿ: ಸಿಂಹ ಆನೆಯನ್ನು ಜಗಿಯುತ್ತಿದೆ. 1854ರಲ್ಲಿ ಬ್ರಿಟಿಷ್ ಸರ್ಕಾರ ಇದನ್ನು ಹರಾಜಿಗೆ ಇಟ್ಟಿತ್ತು. ಕೂಗಿದ ಹೆಚ್ಚಿನ ಬೆಲೆ 150 ರೂಪಾಯಿ. ಇಷ್ಟು ಕಡಿಮೆಗೆ ಕೊಡುವುದು ಬೇಡ ಎಂದು ಅಧಿಕಾರಿಯೊಬ್ಬರಿಗೆ ಅನ್ನಿಸಿತು, ಮಾರಾಟ ನಿಂತಿತು. ಆ ತೋಪಿನ ಮೈ ಮುಟ್ಟಿದಾಗಲೆಲ್ಲ ಆ ಅಧಿಕಾರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಅಲ್ಲಿಂದ ಇಬ್ರಾಹಿಂ ರೋಜಾ. ಕಳೆದ ವರ್ಷ ನಮ್ಮ ಸೋದರತ್ತೆ ಬಂದಿದ್ದರು. ಮೊಣಕಾಲು ನೋವು, ಗೋಳಗುಮ್ಮಟ ಹತ್ತಲು ಆಗಲಿಲ್ಲ. ಕೆಳಗೆ ಒಬ್ಬರೇ ಕೂತಿದ್ದರು, ಮುಖ ಸಣ್ಣದಾಗಿತ್ತು. ಮರುದಿನ ಇಲ್ಲಿಗೆ ಕರೆದುಕೊಂಡು ಬಂದೆವು. ಇಲ್ಲಿ ಹತ್ತುವುದು ಕೆಲವೇ ಮೆಟ್ಟಿಲು. ಒಂದೇ ಕಟ್ಟೆಯ ಮೇಲೆ ಎದುರುಬದುರು ಗೋರಿ ಮತ್ತು ಮಸೀದಿ, ನಡುವೆ ಕಾರಂಜಿಯ ಹೊಂಡ. ಸುತ್ತ ತೋಟ, ತುಂಬ ಗಿಳಿಗಳು. ಸುಲ್ತಾನ ಎರಡನೆಯ ಇಬ್ರಾಹಿಂ ತನ್ನ ಬೇಗಂ ತಾಜ್ ಸುಲ್ತಾನಾಗಾಗಿ ಕಟ್ಟಿಸಲು ಹೊರಟ ಗೋರಿ ಇದು. ಆದರೆ 1627ರಲ್ಲಿ ಅವನೇ ಮೊದಲು ಹೋದ. ಈ ಇಬ್ರಾಹಿಂ ಸಂಗೀತಗಾರ. ತನ್ನ ಹಾಡುಗಳ ಪುಸ್ತಕವನ್ನು ಸರಸ್ವತಿಯನ್ನು ನೆನೆದು ಶುರು ಮಾಡಿದವನು. ಜನ ಅವನನ್ನು ಜಗದ್ಗುರು ಎಂದು ಕರೆದರು.

ನಮ್ಮ ಸೋದರತ್ತೆ ಕಸೂತಿ ಹಾಕುವವರು. ಕಿಟಕಿಯ ಕಲ್ಲಿನ ಜಾಲರಿಯ ಮುಂದೆ ನಿಂತುಬಿಟ್ಟರು. ಅಕ್ಷರಗಳನ್ನೇ ಕೊರೆದು ಜಾಲರಿ ಮಾಡಿದ್ದಾರೆ, ಬೆಳಕು ಆ ಅಕ್ಷರಗಳ ಸಂದಿಯಿಂದ ಒಳಗೆ ಬರುತ್ತದೆ. "ಇದನ್ನ ಯಾವ ಕಡೆಯಿಂದ ಶುರು ಮಾಡಿರಬೇಕವ್ವಾ?" ಎಂದು ಬೆರಳಿನಿಂದ ಗಾಳಿಯಲ್ಲೇ ಎಳೆ ಹಿಡಿಯುತ್ತ ಕೇಳಿದರು. ನನಗೆ ಉತ್ತರ ತಿಳಿಯಲಿಲ್ಲ. ಮಸೀದಿಯ ಸೂರಿನಿಂದ ಇಳಿಬಿದ್ದ ಕಲ್ಲಿನ ಸರಪಳಿ ತೋರಿಸಿದೆ. ಒಂದೂವರೆ ತಾಸು ಅಲ್ಲೇ ಇದ್ದೆವು. ಮನೆಯಲ್ಲಿ ವಯಸ್ಸಾದವರು ಇದ್ದರೆ ಗೋಳಗುಮ್ಮಟಕ್ಕಿಂತ ಮೊದಲು ಇಲ್ಲಿಗೇ ಕರೆತನ್ನಿ.

ಕೊನೆಗೆ ತಾಜ್ ಬಾವಡಿ. ಮಕ್ಕಾ ದರವಾಜೆಯ ಒಳಗೆ, ಹತ್ತಿರವೇ. ಅದೇ ತಾಜ್ ಸುಲ್ತಾನಾ ಹೆಸರಿನಲ್ಲಿ 1620ರಲ್ಲಿ ಕಟ್ಟಿದ್ದು. ದೊಡ್ಡ ಕಮಾನಿನ ಬಾಗಿಲು, ಕೆಳಗೆ ಚೌಕನೆಯ ದೊಡ್ಡ ನೀರು. ಬರದ ನಾಡು ಇದು, ಈ ಊರಿನಲ್ಲಿ ನೀರು ಕಟ್ಟಿದವರೇ ದೊಡ್ಡವರು. ನೀರಿಗೆ ಏನೂ ಎಸೆಯಬೇಡಿ, ದಯವಿಟ್ಟು. ಬಾಗಿಲಿನ ಎಡಬಲಕ್ಕೆ ಕೋಣೆಗಳ ಸಾಲು ಕಾಣುತ್ತದಲ್ಲ, ಅವು ಪಯಣಿಗರು ಇಳಿದುಕೊಳ್ಳಲು ಕಟ್ಟಿದವು. ದೂರದಿಂದ ನಡೆದು ಬಂದವರು, ಕುದುರೆ ಹತ್ತಿ ಬಂದವರು, ಕೋಟೆ ಬಾಗಿಲು ದಾಟಿದ ಕೂಡಲೇ ಇಲ್ಲಿ ಕಾಲು ತೊಳೆದು, ರಾತ್ರಿ ಮಲಗಿ, ಬೆಳಗಾದ ಮೇಲೆ ಊರೊಳಗೆ ಹೋಗುತ್ತಿದ್ದರು.

ಅಲ್ಲಿಂದ ಬಸ್ ನಿಲ್ದಾಣ ದೂರವಿಲ್ಲ, ಆಟೋ ಸಿಗುತ್ತದೆ. ಬಾಗಲಕೋಟೆ ಬಸ್ಸು ಹಿಡಿಯಿರಿ. ಸಂಜೆಯೊಳಗೆ ಬಾದಾಮಿ ಮುಟ್ಟುತ್ತೀರಿ.

ನಮಸ್ಕಾರ.