ಮೂಲದಾಳು, ಸಾಲದಾಳು

ಕೇಳುಗರಿಗೆ ನಮಸ್ಕಾರ. ದಕ್ಷಿಣ ಕನ್ನಡದಲ್ಲಿ ಗುಲಾಮಗಿರಿ ಯಾವ ಇಸವಿಗೆ ಹೋಯಿತು ಎಂದು ಕೇಳುವವರಿದ್ದಾರೆ. ಒಂದೇ ಇಸವಿ ಹೇಳಿ ಮುಗಿಸುವ ಸಂಗತಿ ಇದಲ್ಲ. ಮೂಲದಾಳು ಹೋದ, ಸಾಲದಾಳು ಉಳಿದ. ಇವತ್ತು ಇದೊಂದು ನೆನಪಿಟ್ಟುಕೊಂಡರೆ ಸಾಕು.

ಮೂಲದಾಳು ಅಂದರೆ ಭೂಮಿಗೆ ಅಂಟಿಕೊಂಡು ಬಂದವನು. ಗದ್ದೆ ಕೈ ಬದಲಾದರೆ ಅವನ ಧಣಿಯೂ ಬದಲು. ಕಂಪನಿ ಸರಕಾರ 1843ರಲ್ಲಿ ಐದನೇ ಕಾಯಿದೆ ತಂದಿತು. ಇಡೀ ಕಾಯಿದೆ ನಾಲ್ಕೇ ಕಲಮು, ನಾಲ್ಕನ್ನೂ ಕೇಳಿಬಿಡಿ. ಮೊದಲನೆಯದು: ಕೋರ್ಟಿನ ಡಿಕ್ರಿಗಾಗಲಿ ಕಂದಾಯದ ಬಾಕಿಗಾಗಲಿ ಸರಕಾರಿ ಅಧಿಕಾರಿ ಯಾರನ್ನೂ ಗುಲಾಮನೆಂದು ಮಾರಬಾರದು. ಮಾರಬಾರದು ಎಂದು ಬರೆಯಬೇಕಾಯಿತು, ಗಮನಿಸಿ! ಎರಡನೆಯದು: ‘ಇವನು ನನ್ನ ಸೊತ್ತು’ ಎಂಬ ದಾವೆಯನ್ನು ಕೋರ್ಟು ಎತ್ತಿಹಿಡಿಯಬಾರದು. ಮೂರು: ಗುಲಾಮನೆಂಬ ನೆಪದಲ್ಲಿ ಅವನ ಗಳಿಕೆ ಕಸಿಯಬಾರದು. ನಾಲ್ಕು: ಬೇರೆಯವರಿಗೆ ಹೊಡೆದರೆ ತಪ್ಪಾದರೆ ಇವನಿಗೆ ಹೊಡೆದರೂ ತಪ್ಪೇ. ಆದರೆ ‘ಇಂದಿನಿಂದ ನೀವು ಸ್ವತಂತ್ರರು’ ಎಂಬ ಸಾಲು? ಎಷ್ಟು ಹುಡುಕಿದರೂ ಸಿಗದು. ಎಲ್ಲವೂ ಕೋರ್ಟಿನ ಮಾತು. ಕೆಸರಲ್ಲಿ ನಿಂತವನು ಕೋರ್ಟಿನ ಮೆಟ್ಟಿಲು ಹತ್ತುವುದು ಹೇಗೆ?

1862ರ ಜನವರಿ 1ರಿಂದ ದಂಡಸಂಹಿತೆ ಬಂತು. ಆಳನ್ನು ಕೊಂಡರೆ, ಮಾರಿದರೆ ಏಳು ವರ್ಷದವರೆಗೆ ಸೆರೆ. ಸರಿ, ಮಾರುವುದು ನಿಂತಿತೆನ್ನಿ. ಧಣಿ ಮದುವೆಗೆ ಸಾಲ ಕೊಟ್ಟ. ತೀರುವವರೆಗೆ ದುಡಿ ಎಂದ. ದುಡಿಮೆಗೆ ಸಿಗುವುದು ಅಂದಂದಿನ ಪಡಿ ಅಕ್ಕಿ, ಸಾಲ ಇರುವುದು ರೂಪಾಯಿಯಲ್ಲಿ. ಅಕ್ಕಿ ಅಂದೇ ಬೆಂದು ಹೋಗುತ್ತದೆ, ಸಾಲ ಮಗನ ತಲೆಗೆ ಬರುತ್ತದೆ. ಅವನೇ ಸಾಲದಾಳು.

ಆ ಸಾಲಕ್ಕೇ ಕೈಹಾಕಿದ್ದು ಜೀತ ರದ್ದತಿ ಕಾಯಿದೆ, 1975ರ ಅಕ್ಟೋಬರ್ 25ರಿಂದ. ಜೀತದ ಸಾಲ ತೀರಿಸಬೇಕಿಲ್ಲ, ಅದು ರದ್ದು. ಜೀತದ ಸಾಲವಲ್ಲ ಎಂದು ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು. ಮುಂಗಡ ಕೊಟ್ಟಿದ್ದೇನೆ, ತೀರಿಸದೆ ಹೋಗಬೇಡ ಎಂದು ಇವತ್ತು ಇಟ್ಟಿಗೆಗೂಡಿನಲ್ಲಿ ಯಾರಾದರೂ ತಡೆದರೂ ಇದೇ ಕಾಯಿದೆ. ಉಪವಿಭಾಗಾಧಿಕಾರಿಗೆ ಬರೆದುಕೊಡಿ, ಹೇಳಿಕೆಯಲ್ಲಿ ಮುಂಗಡ ಎಷ್ಟು, ಯಾವಾಗ, ಯಾರು ತಡೆದರು, ಮೂರೂ ಇರಲಿ. ‘ಕೂಲಿ ಬಾಕಿ’ ಎಂದಷ್ಟೇ ಬರೆದರೆ ಅದು ಕೂಲಿ ತಕರಾರಾಗಿ ಬೇರೆ ಕಚೇರಿಗೆ ಹೋಗುತ್ತದೆ. ಬಿಡುಗಡೆ ಪತ್ರ ಕೈಗೆ ಬರದೆ ಊರಿಗೆ ಹೊರಡಬೇಡಿ, ಪುನರ್ವಸತಿ ಹಣ ನಿಂತಿರುವುದು ಅದರ ಮೇಲೆ.

ನಮ್ಮ ಕರಾವಳಿಯ ಬುಡಕಟ್ಟಿನವರಾದ ಕೊರಗರ ಅಜಲು ಪದ್ಧತಿಯನ್ನೂ ಹೇಳಬೇಕಿತ್ತು, ಹೊತ್ತು ಸಾಲದು. ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುತ್ತಿದ್ದ ಆ ಪದ್ಧತಿಯನ್ನು ನಿಷೇಧಿಸಿದ್ದು 2000ದ ಕಾಯಿದೆ. ಹೌದು, 2000. ನಮಸ್ಕಾರ.