ಬೇಸಿಗೆ ರಜೆಗೊಂದು ಗಾಳ: ಟ್ರೌಟ್ ಇಲ್ಲದ ಹೊಳೆಯಲ್ಲಿ ಫ್ಲೈ

ಕೇಳುಗರಿಗೆ ನಮಸ್ಕಾರ.

ಏಪ್ರಿಲ್ ಬಂತೆಂದರೆ ಗಾಳದ ಸಾಮಾನು ಮಾರುವ ಅಂಗಡಿಗಳಲ್ಲಿ ಒಂದು ಪ್ರಶ್ನೆ ಕೇಳಿಬರುತ್ತದೆ. ಮೊಬೈಲಿನ ವಿಡಿಯೋಗಳಲ್ಲಿ ಫ್ಲೈ ಎಂಬ ಸುಳ್ಳು ಹುಳ ಕಟ್ಟಿದ ಗಾಳದಲ್ಲಿ ಹಿಡಿದು ತೋರಿಸುತ್ತಾರಲ್ಲ, ಮೈಮೇಲೆ ಚುಕ್ಕೆ ಇರುವ ಟ್ರೌಟ್ ಮೀನು, ಅದು ನಮ್ಮ ತುಂಗೆಯಲ್ಲಿ ಸಿಗುತ್ತದಾ ಅಂತ. ಇಲ್ಲ. ತುಂಗೆಯಲ್ಲಿಲ್ಲ, ಭದ್ರೆಯಲ್ಲಿಲ್ಲ, ಶರಾವತಿಯಲ್ಲೂ ಇಲ್ಲ. ಯಾರಾದರೂ ಮರಿ ತಂದು ಬಿಟ್ಟರೂ ಅದು ನಮ್ಮ ಒಂದು ಬೇಸಿಗೆ ದಾಟುವುದು ಕಷ್ಟ.

ಕಾರಣ ನೀರಿನ ಬಿಸಿ. ಟ್ರೌಟ್‌ಗೆ ಹಿತವಾದದ್ದು 10ರಿಂದ 18 ಡಿಗ್ರಿಯ ನೀರು. 20 ದಾಟಿದರೆ ಅದಕ್ಕೆ ಏದುಸಿರು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. 10 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿಸಿದರೆ, 30 ಡಿಗ್ರಿಯ ನೀರಿನಲ್ಲಿ ಏಳೂವರೆ ಮಿಲಿಗ್ರಾಂ ಮಾತ್ರ. ಮೇ ತಿಂಗಳ ಮಧ್ಯಾಹ್ನ ಹೊಳೆಯ ತೆಳುನೀರಿಗೆ ಕಾಲಿಟ್ಟರೆ ಸ್ನಾನದ ನೀರಿನಷ್ಟು ಬೆಚ್ಚಗಿರುತ್ತದೆ. ಅಲ್ಲಿ ಟ್ರೌಟ್ ಇರಲಾರದು. ಈ ಆಮ್ಲಜನಕದ ಲೆಕ್ಕವನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಎರಡು ಮೂರು ಸಲ ಬೇಕಾಗುತ್ತದೆ.

ದಕ್ಷಿಣದಲ್ಲಿ ಟ್ರೌಟ್ ನೆಲೆಯೂರಿದ್ದು ನೀಲಗಿರಿ, ಮುನ್ನಾರ್‌ಗಳ ಎತ್ತರದ ತಣ್ಣೀರಿನಲ್ಲಿ. ಊಟಿ ಹತ್ತಿರದ ಅವಲಾಂಚಿಯಲ್ಲಿ ಬ್ರಿಟಿಷರು 1907ರ ಸುಮಾರಿಗೆ ಅದರ ಮರಿ ಬೆಳೆಸುವ ಕೇಂದ್ರ ಮಾಡಿದರು. ರಜೆಗೆ ಉತ್ತರಕ್ಕೆ ಹೋಗುವವರಿಗಾದರೆ ಹಿಮಾಚಲದ ತೀರ್ಥನ್ ಕಣಿವೆ, ಬರೋಟ್ ಬಳಿಯ ಊಹ್ಲ್ ನದಿ, ಕಾಶ್ಮೀರದ ಪಹಲ್ಗಾಮ್‌ನ ಲಿದ್ದರ್ ನದಿ ಇವೆ. ಹಿಮಾಚಲದಲ್ಲಿ ನವೆಂಬರಿನಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಹಿಡಿಯುವಂತಿಲ್ಲ, ಅದು ಮೊಟ್ಟೆಯಿಡುವ ಕಾಲ. ಉಳಿದ ದಿನಗಳಲ್ಲೂ ಮೀನುಗಾರಿಕೆ ಇಲಾಖೆಯ ಪರ್ಮಿಟ್ ಬೇಕು. ಎಷ್ಟು ಮೀನು, ಎಷ್ಟು ಉದ್ದದ್ದು, ಯಾವ ಗಾಳ ಎಂಬುದನ್ನೆಲ್ಲ ಅಲ್ಲೇ ಕೇಳಿಕೊಳ್ಳಿ. ಇಲ್ಲಿಂದ ಹೋಗುವವರು ಮಾಡುವ ದೊಡ್ಡ ತಪ್ಪು ಜೂನ್ ಕೊನೆಗೆ ಟಿಕೆಟ್ ಮಾಡಿಸುವುದು. ಆಗ ಮೇಲಿನ ಹಿಮ ಕರಗಿ ದೊಡ್ಡ ನದಿಗಳು ಕಲಗಚ್ಚಿನ ಬಣ್ಣಕ್ಕೆ ತಿರುಗಿರುತ್ತವೆ, ಮೀನಿಗೆ ಫ್ಲೈ ಕಾಣುವುದೇ ಇಲ್ಲ. ಏಪ್ರಿಲ್ ವಾಸಿ. ತಡವಾದರೆ ದೊಡ್ಡ ನದಿ ಬಿಟ್ಟು, ಅದಕ್ಕೆ ಸೇರುವ ತಿಳಿನೀರಿನ ಚಿಕ್ಕ ಹಳ್ಳಗಳನ್ನು ಹುಡುಕಿ.

ಇಷ್ಟಕ್ಕೇ ಮಾತು ಮುಗಿಸಿದರೆ ಮಲೆನಾಡಿನಲ್ಲೇ ರಜೆ ಕಳೆಯುವ ಮಕ್ಕಳಿಗೆ ಅನ್ಯಾಯವಾದೀತು. ಫ್ಲೈ ಗಾಳಕ್ಕೆ ಟ್ರೌಟೇ ಆಗಬೇಕೆಂದಿಲ್ಲ. ಅದು ಗರಿ, ನೂಲು ಸುತ್ತಿ ಮಾಡಿದ ಸುಳ್ಳು ಹುಳ. ನೀರಿನ ಮೇಲೆ ಬೀಳುವ ಹುಳ ತಿನ್ನುವ ಮೀನು ಯಾವುದಾದರೂ ಅದಕ್ಕೆ ಬಾಯಿ ಹಾಕುತ್ತದೆ. ನಮ್ಮಲ್ಲಿ ಅಂಥದ್ದು ಪಕ್ಕೆ ಮೀನು, ಅಂಗೈಯಗಲದ್ದು. ಕೆರೆಗಳಲ್ಲಿ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಸಿಗುತ್ತದೆ. ಜೊಂಡಿನ ಬದಿಗೆ ಕೊರವ ಮೀನು ಇರುತ್ತದೆ, ಆದರೆ ಅದರ ಹಲ್ಲು ಮತ್ತು ಎಳೆತ ಚಿಕ್ಕ ಮಕ್ಕಳಿಗೆ ಹೇಳಿದ್ದಲ್ಲ.

ಎಲ್ಲಿ ಗಾಳ ಹಾಕಬೇಕು ಅನ್ನುವುದಕ್ಕೆ ಮುಂಚೆ ಎಲ್ಲಿ ಹಾಕಬಾರದು ಅನ್ನುವುದು ಗೊತ್ತಿರಬೇಕು. ಶೃಂಗೇರಿಯ ಮಠದ ಮುಂದಿನ ಮಡು, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ, ಇವೆಲ್ಲ ದೇವರ ಮೀನಿನ ಜಾಗ. ಅಲ್ಲಿ ಗಾಳದ ಕೋಲು ಹಿಡಿದು ನಿಲ್ಲುವುದೂ ತರವಲ್ಲ. ಶೆಟ್ಟಿಹಳ್ಳಿ ಅಭಯಾರಣ್ಯ, ಶರಾವತಿ ಕಣಿವೆಯ ಅಭಯಾರಣ್ಯ, ಭದ್ರಾ ಹುಲಿ ಮೀಸಲು ಪ್ರದೇಶ ಇವುಗಳ ಒಳಗಿನ ನೀರು ಅರಣ್ಯ ಇಲಾಖೆಯ ಸುಪರ್ದಿಯಲ್ಲಿದೆ. ಲಕ್ಕವಳ್ಳಿ ಹಿನ್ನೀರು, ಲಿಂಗನಮಕ್ಕಿ ಹಿನ್ನೀರು ಎಂದಾಕ್ಷಣ ಎಲ್ಲ ದಂಡೆಯೂ ಒಂದೇ ಅಂದುಕೊಳ್ಳಬೇಡಿ. ಗಡಿ ಎಲ್ಲಿ ಎಂದು ರೇಂಜ್ ಆಫೀಸಿನಲ್ಲಿ ಕೇಳಿಯೇ ಹೋಗಿ. ಊರಿನ ಕೆರೆಗಳನ್ನು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಆ ಮೀನು ಅವರು ದುಡ್ಡು ಕೊಟ್ಟು ಬಿಟ್ಟ ಮರಿಯಿಂದ ಬೆಳೆದದ್ದು, ಕೇಳದೆ ಹಿಡಿದರೆ ಕಳ್ಳತನವೇ. ಮಕ್ಕಳನ್ನು ಕರೆದುಕೊಂಡು ಹೋಗಿ ಮೊದಲೇ ಕೇಳಿದರೆ ಬೇಡ ಅನ್ನುವವರು ಕಡಿಮೆ.

ನೆಂಟರ ತೋಟದ ಕೃಷಿ ಹೊಂಡದ ಬಗ್ಗೆ ಒಂದು ಮಾತು. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಮಕ್ಕಳನ್ನು ಗಾಳಕ್ಕೆ ಕರೆದೊಯ್ಯಲೇಬೇಡಿ. ಪಾಚಿ ಹಿಡಿದ ಆ ಇಳಿಜಾರಿನಲ್ಲಿ ಜಾರಿದರೆ ಈಜು ಬಲ್ಲ ದೊಡ್ಡವರಿಗೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಮಣ್ಣಿನ ದಂಡೆಯ, ಮೆಟ್ಟಿಲಿರುವ ಕೆರೆ ಒಳ್ಳೆಯದು. ಹಿನ್ನೀರಿನ ಬದಿಯಲ್ಲಿ ನೀರು ಇಳಿದ ಮೇಲೆ ಒಣಗಿದಂತೆ ಕಾಣುವ ಕೆಸರಿದೆಯಲ್ಲ, ಮೇಲೆ ಬಿರುಕು, ಕೆಳಗೆ ಮೊಣಕಾಲುದ್ದ ಹೂಳು. ಕೋಲಿನಲ್ಲಿ ಚುಚ್ಚಿ ನೋಡದೆ ಹೆಜ್ಜೆಯಿಡಬೇಡಿ. ಇನ್ನು ಗಾಜನೂರಿನಂಥ ಅಣೆಕಟ್ಟಿನ ಕೆಳಗಿನ ಬಂಡೆಗಳ ಮೇಲೆ ಸಂಸಾರ ಸಮೇತ ಕೂರುವುದು ಬೇಡ. ಗೇಟು ತೆರೆದರೆ ನೀರು ಹೇಳಿ ಕೇಳಿ ಏರುವುದಿಲ್ಲ.

ಈಗ ಸಾಮಾನು. ಪೂರ್ತಿ ಫ್ಲೈ ಸೆಟ್ಟಿನಲ್ಲಿ 9 ಅಡಿಯ 5ನೇ ನಂಬರಿನ ರಾಡ್, ರೀಲು, ನೀರಿನ ಮೇಲೆ ತೇಲುವ ದಪ್ಪ ದಾರ ಇರುತ್ತವೆ. ಮೊದಲ ಬೇಸಿಗೆಯಲ್ಲೇ ಇದಕ್ಕೆ ಸಾವಿರಾರು ರೂಪಾಯಿ ಸುರಿಯುವುದು ದಂಡ. ಜಪಾನಿನ ಬೆಟ್ಟದ ಹಳ್ಳಗಳಲ್ಲಿ ತೆಂಕಾರ ಎಂಬ ಪದ್ಧತಿಯಿದೆ. ರೀಲೇ ಇಲ್ಲ, ಕೋಲಿನ ತುದಿಗೇ ದಾರ. ನಮ್ಮ ಬಿದಿರಿನ ಗಾಳವೇ ಅದು, ಎರೆಹುಳುವಿನ ಜಾಗದಲ್ಲಿ ಫ್ಲೈ ಇದೆ, ಅಷ್ಟೇ. ದೊಡ್ಡವರಿಗೆ 10 ಅಡಿಯ ಸಪೂರ ಬಿದಿರು, ಎಂಟು ಹತ್ತು ವರ್ಷದ ಮಗುವಿಗೆ 7 ಅಡಿ. ತುದಿ ಪೆನ್ಸಿಲಿಗಿಂತ ತೆಳುವಾಗಿ ಬಳುಕಬೇಕು. ಗಟ್ಟಿ ತುದಿಯಾದರೆ ಮೀನು ಎಳೆದಾಗ ಬಳುಕುವುದಿಲ್ಲ, ದಾರವೇ ಕಡಿಯುತ್ತದೆ. ತುದಿಗೆ 0.35 ಮಿಲಿಮೀಟರ್ ದಪ್ಪದ ನೈಲಾನ್ ದಾರ ಕೋಲಿನಷ್ಟೇ ಉದ್ದ. ಅದರ ಕೊನೆಗೆ 0.18 ಮಿಲಿಮೀಟರಿನ ಸಣ್ಣ ದಾರ 3 ಅಡಿ. ದಪ್ಪ ದಾರದ ತೂಕವೇ ಫ್ಲೈಯನ್ನು ಮುಂದಕ್ಕೆ ಒಯ್ಯುವುದು. ಪೂರ್ತಿ ಸಣ್ಣ ದಾರವನ್ನೇ ಕಟ್ಟಿದರೆ ಎಷ್ಟು ಬೀಸಿದರೂ ಫ್ಲೈ ನಿಮ್ಮ ಕಾಲ ಬುಡದಲ್ಲೇ ಬೀಳುತ್ತದೆ.

ಫ್ಲೈಯನ್ನು ಮನೆಯಲ್ಲೇ ಕಟ್ಟಬಹುದು, ಮಳೆ ಬಂದ ಸಂಜೆಗೆ ಒಳ್ಳೆಯ ಕೆಲಸ. ನಮ್ಮ ಬೇಸಿಗೆಗೆ ತಕ್ಕ ಹುಳ ಯಾವುದು ಗೊತ್ತೇ? ಭರಣಿ, ಕೃತ್ತಿಕೆಯ ಗುಡುಗು ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆ ಗೆದ್ದಲು. ಅವು ಹೊಳೆಯ ಮೇಲೆ ಬಿದ್ದಾಗ ಮೀನುಗಳು ಸಾಲುಗಟ್ಟಿ ಮೇಲೆ ಬರುತ್ತವೆ. ಅದರಂತೆಯೇ ಕಟ್ಟೋಣ. 12ನೇ ನಂಬರಿನ ಗಾಳದ ಕೊಕ್ಕೆ ಒಂದು, ಕಂದು ಉಣ್ಣೆ ನೂಲು ಎರಡು ಇಂಚು, ಹೊಲಿಗೆಯ ಪಾಲಿಯೆಸ್ಟರ್ ದಾರ, ಕೆಂಪು ಹುಂಜದ ಕತ್ತಿನ ಗರಿ ಒಂದು, ಉಗುರು ಬಣ್ಣ ಒಂದು ತೊಟ್ಟು.

ಮೊದಲು ಗಾಳದ ಮೊನೆಯ ಹಿಂದಿರುವ ಒಳಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿ. ಗಾಳ ಮುರಿಯುವುದಾದರೆ ಈಗಲೇ ಮುರಿಯಲಿ, ಕಟ್ಟಿದ ಮೇಲೆ ಮುರಿದರೆ ಶ್ರಮ ವ್ಯರ್ಥ. ಆಮೇಲೆ ಗಾಳದ ಬಾಗನ್ನು ಇಕ್ಕಳದ ಬಾಯಿಗೆ ಸಿಕ್ಕಿಸಿ, ಹಿಡಿಗಳಿಗೆ ಬಿಗಿಯಾಗಿ ರಬ್ಬರ್ ಬ್ಯಾಂಡ್ ಸುತ್ತಿ. ಅದೇ ನಿಮ್ಮ ಹಿಡಿಕೆ. ಗಾಳದ ಕಣ್ಣಿನಿಂದ, ಅಂದರೆ ದಾರ ತೂರಿಸುವ ತೂತಿನಿಂದ, ಎರಡು ಮಿಲಿಮೀಟರ್ ಬಿಟ್ಟು ದಾರ ಸುತ್ತಲು ಶುರು ಮಾಡಿ, ಹಿಂದಕ್ಕೆ ಬಾಗಿನವರೆಗೆ ಒತ್ತೊತ್ತಾಗಿ ಸುತ್ತಿ. ಅಲ್ಲಿ ಉಣ್ಣೆ ನೂಲಿನ ತುದಿ ಕಟ್ಟಿ, ದಾರವನ್ನು ಮುಂದಕ್ಕೆ ತನ್ನಿ. ಆಮೇಲೆ ನೂಲನ್ನು ಗಾಳದ ಉದ್ದದ ಮೂರರಲ್ಲಿ ಎರಡು ಭಾಗದವರೆಗೆ ಸುತ್ತಿ ಅಲ್ಲೇ ದಾರದಿಂದ ಬಿಗಿಯಿರಿ. ಗರಿಯ ಬುಡದ ಹತ್ತಿಯಂಥ ಭಾಗ ಕಿತ್ತು, ದಂಟನ್ನು ಕಟ್ಟಿ, ಮೂರು ಸುತ್ತು ಸುತ್ತಿ, ಉಳಿದದ್ದನ್ನು ಕತ್ತರಿಸಿ. ಮೇಲೆ ನಾಲ್ಕು ಸರಗಂಟು. ಉಗುರು ಬಣ್ಣವನ್ನು ಗಂಟಿಗೆ ಮಾತ್ರ ಮುಟ್ಟಿಸಿ, ಗಾಳದ ಕಣ್ಣಿಗೆ ಸೂಜಿ ಹಾಕಿ ತೆರೆದಿಡಿ. ಮೊದಲ ಸಲ ಕಟ್ಟುವ ಹೆಚ್ಚಿನವರು ಎಡವುವುದು ಇಲ್ಲೇ. ಕಣ್ಣಿನವರೆಗೆ ನೂಲು ತುಂಬಿ, ಗರಿಗೆ ಜಾಗವಿಲ್ಲದೆ, ಕೊನೆಗೆ ಕಣ್ಣೇ ಮುಚ್ಚಿಹೋಗಿ, ಹೊಳೆಯ ದಂಡೆಯಲ್ಲಿ ದಾರ ತೂರುವುದಿಲ್ಲ. ಗರಿಯನ್ನು ಐದಾರು ಸುತ್ತು ಸುತ್ತುವುದೂ ಬೇಡ. ನೋಡಲು ಚೆಂದ, ಆದರೆ ಪಕ್ಕೆಯ ಚಿಕ್ಕ ಬಾಯಿಗೆ ಅದು ಪೊರಕೆ.

ಫ್ಲೈಗೆ ದಾರ ಕಟ್ಟುವಾಗ ಕಣ್ಣಿನೊಳಗೆ ತೂರಿಸಿ, ಮೂಲ ದಾರದ ಸುತ್ತ ಐದು ಸುತ್ತು ಹಾಕಿ, ತುದಿಯನ್ನು ಕಣ್ಣಿನ ಪಕ್ಕದ ಕುಣಿಕೆಯೊಳಗೆ ತಂದು, ಎಂಜಲು ಹಚ್ಚಿ ನಿಧಾನಕ್ಕೆ ಬಿಗಿಯಿರಿ. ಒಣದಾರವನ್ನು ಎಳೆದು ಬಿಗಿದರೆ ಉಜ್ಜಿ ಬಿಸಿಯಾಗಿ ನೈಲಾನ್ ಬಲ ಕಳೆದುಕೊಳ್ಳುತ್ತದೆ. ಮೀನು ತಪ್ಪಿಸಿಕೊಂಡು ದಾರ ಬರಿದಾಗಿ ಬಂದರೆ ಅದರ ತುದಿ ನೋಡಿ. ತುದಿ ಹಂದಿಬಾಲದಂತೆ ಸುರುಳಿಯಾಗಿದ್ದರೆ ಗಂಟು ಜಾರಿದೆ. ಒರಟಾಗಿ ಕಡಿದಿದ್ದರೆ ಬಂಡೆಗೆ ತಿಕ್ಕಿದೆ, ಹಾಗಾಗಿ ಆ ಮೂರಡಿ ದಾರವನ್ನೇ ಬದಲಿಸಿ.

ಬೀಸುವಾಗ ಮೊಣಕೈ ಪಕ್ಕೆಗೆ ಅಂಟಿರಲಿ. ಕೋಲು ಹಿಂದಕ್ಕೆ ಹೋಗಿ ತಲೆಯ ಮೇಲೆ ಸ್ವಲ್ಪ ದಾಟಿದ ಕೂಡಲೇ ನಿಲ್ಲಲಿ. ದಾರ ಹಿಂದೆ ಪೂರ್ತಿ ಬಿಚ್ಚಿಕೊಳ್ಳಲು ಒಂದು ಕ್ಷಣ ಬಿಟ್ಟು ಮುಂದಕ್ಕೆ ಬೀಸಿ. ಹಿಂದೆ ಚಾಟಿಯಂತೆ ಚಟೀರ್ ಅಂದರೆ ಆ ಕ್ಷಣ ಬಿಟ್ಟಿಲ್ಲ ಎಂದರ್ಥ, ಫ್ಲೈ ಕಿತ್ತುಹೋಗಿರುತ್ತದೆ. ಪ್ರತಿಯೊಬ್ಬರಿಗೂ ಟೋಪಿ, ಕಣ್ಣಿಗೆ ಕನ್ನಡಕ ಬೇಕೇ ಬೇಕು, ಪಕ್ಕದಲ್ಲಿ ನಿಂತು ನೋಡುವ ಅಜ್ಜಿಗೂ. ಮಕ್ಕಳ ನಡುವೆ 20 ಅಡಿ ದೂರವಿರಲಿ.

ಮೀನು ಮುಟ್ಟಿದ್ದು ಕೈಗೆ ತಿಳಿಯುವ ಹೊತ್ತಿಗೆ ಪಕ್ಕೆ ಫ್ಲೈಯನ್ನು ಉಗುಳಿ ಆಗಿರುತ್ತದೆ. ದಾರ ನಿಂತಂತೆ ಕಂಡರೆ ಸಾಕು, ಮಣಿಕಟ್ಟನ್ನು ಅರ್ಧ ಅಡಿ ಎತ್ತಿ. ತೋಳನ್ನೇ ಎತ್ತಿದರೆ ಮೀನೂ ಫ್ಲೈಯೂ ತಲೆಯ ಮೇಲಿನ ಕೊಂಬೆಗೆ. ಟ್ರೌಟ್ ಹಿಡಿಯುವವರು ಫ್ಲೈ ಸದ್ದಿಲ್ಲದೆ ಬೀಳಬೇಕು ಅನ್ನುತ್ತಾರೆ. ನಮ್ಮ ಹೊಳೆಬದಿಯ ಅತ್ತಿಮರದ ಕೆಳಗೆ ಆ ನಿಯಮ ತಲೆಕೆಳಗು. ಹಣ್ಣು ಬೀಳುವುದಕ್ಕೇ ಕಾದಿರುವ ಮೀನಿಗೆ ಟಪ್ ಎನ್ನುವ ಸದ್ದೇ ಕರೆ.

ಇನ್ನು ಹೊತ್ತು. ಹರಿಯುವ ನೀರಿನಲ್ಲಾದರೆ ಬೆಳಗ್ಗೆ 6ರಿಂದ 8, ನೀರು ತಣ್ಣಗಿರುವಾಗ. ಆದರೆ ಹಸಿರುಗಟ್ಟಿ ನಿಂತ ಕೆರೆಯಲ್ಲಿ ಲೆಕ್ಕ ಬೇರೆ. ರಾತ್ರಿಯಿಡೀ ಪಾಚಿಯೂ ಉಸಿರಾಡುವುದರಿಂದ ಸೂರ್ಯ ಹುಟ್ಟುವ ಹೊತ್ತಿಗೆ ಆಮ್ಲಜನಕ ಎಲ್ಲಕ್ಕಿಂತ ಕಡಿಮೆ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಅದು ಹಸಿವಲ್ಲ, ಉಸಿರುಗಟ್ಟಿದ್ದು. ಆ ದಿನ ಗಾಳ ಮಡಚಿಡಿ, ಕೆರೆ ಹಿಡಿದವರಿಗೆ ತಿಳಿಸಿ. ಅಂಥ ಕೆರೆಗೆ ಬಿಸಿಲು ಇಳಿದ ಸಂಜೆಯೇ ಸರಿ.

ಬಿಡುವ ಮೀನನ್ನು ಒಣಗೈಯಲ್ಲಿ ಮುಟ್ಟಬೇಡಿ. ಮೈಮೇಲಿನ ಲೋಳೆ ಹೋದರೆ ಬೂಸ್ಟು ಹಿಡಿದು ಸಾಯಬಹುದು. ಕೈ ಒದ್ದೆ ಮಾಡಿ, ನೀರಿನಲ್ಲೇ ಗಾಳ ಬಿಡಿಸಿ. ಫೋಟೋ ಬೇಕೆಂದರೆ ಹತ್ತು ಎಣಿಸುವುದರೊಳಗೆ ಮುಗಿಸಿ. ಬಿಸಿನೀರಿನಲ್ಲಿ ಒದ್ದಾಡಿ ದಣಿದ ಮೀನು ಬೇಗ ಚೇತರಿಸಿಕೊಳ್ಳುವುದಿಲ್ಲ, ತಲೆಯನ್ನು ಹರಿವಿನ ಎದುರಿಗೆ ಹಿಡಿದು, ತಾನಾಗಿ ಬಾಲ ಬಡಿಯುವವರೆಗೆ ಕಾಯಿರಿ. ಜಿಲೇಬಿ ಮಾತ್ರ ಹೊರಗಿನಿಂದ ಬಂದದ್ದು, ಅದನ್ನು ಹೊಳೆಗೆ ಮರಳಿ ಬಿಡಬೇಡಿ, ಬಾಣಲೆಗೆ ಹಾಕಿ. ಅಪ್ಪಿತಪ್ಪಿ ಮಹಶೀರ್ ಎಂಬ ದೊಡ್ಡ ಹೊಳೆಮೀನು ಸಿಕ್ಕರೆ ಮರುಮಾತಿಲ್ಲದೆ ಬಿಡುವುದೇ.

ಚೇಳು ಮೀನು ಚುಚ್ಚಿದರೆ ಗಾಯವನ್ನು ತೊಳೆದು, ತಡೆಯಬಲ್ಲಷ್ಟು ಬಿಸಿಯ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಿ, ಉರಿ ಇಳಿಯುತ್ತದೆ. ಮಗುವಾದರೆ ನೀರಿನ ಬಿಸಿಯನ್ನು ದೊಡ್ಡವರು ತಮ್ಮ ಕೈಯಲ್ಲಿ ಮೊದಲು ನೋಡಬೇಕು. ಆಮೇಲೆ ವೈದ್ಯರಲ್ಲಿಗೆ. ಕಣ್ಣಿನ ಹತ್ತಿರ ಗಾಳ ಚುಚ್ಚಿದರೆ ಎಳೆಯಲೇಬೇಡಿ, ದಾರ ಕತ್ತರಿಸಿ ನೇರ ಆಸ್ಪತ್ರೆಗೆ ಹೋಗಿ.

ಗುಡುಗಿನ ಮೊದಲ ಸದ್ದಿಗೇ ಕೋಲು ಕೆಳಗಿಡಿ. ಅಂಗಡಿಯಲ್ಲಿ ಸಿಗುವ ಕಪ್ಪು ಕಾರ್ಬನ್ ರಾಡ್ ವಿದ್ಯುತ್ ಹರಿಸುತ್ತದೆ, ಬಯಲಿನ ಕೆರೆ ಏರಿಯ ಮೇಲೆ ಅದನ್ನು ಎತ್ತಿ ಹಿಡಿದು ನಿಂತವರು ಸಿಡಿಲಿಗೆ ಕಂಬವಾಗಿ ನಿಂತಂತೆಯೇ. ಮರದ ಕೆಳಗೂ ಬೇಡ, ಕಾರಿನೊಳಗೆ ಕೂರಿ.

ಮೃಗಶಿರ ಮಳೆ ಹಿಡಿದು ಹಳ್ಳಗಳು ಕೆಂಪಾದ ಮೇಲೆ ಮೀನು ಮೊಟ್ಟೆ ಹೊತ್ತು ಗದ್ದೆಯತ್ತ ಏರುತ್ತದೆ, ನಮ್ಮವರು ಹತ್ತುಮೀನು ಅನ್ನುವುದು ಅದನ್ನೇ. ಆ ಹೊತ್ತಿಗೆ ನಿಮ್ಮ ಬಿದಿರು ಅಟ್ಟ ಸೇರಿರಲಿ. ಇಡುವ ಮುಂಚೆ ಬಿದಿರಿಗೆ ತೆಳುವಾಗಿ ಎಣ್ಣೆ ಸವರಿ ಮಲಗಿಸಿಡಿ, ಗೋಡೆಗೆ ಒರಗಿಸಿದರೆ ಬಾಗುತ್ತದೆ. ಫ್ಲೈಗಳನ್ನು ಬಿಸಿಲಿಗೆ ಒಣಗಿಸಿಯೇ ಡಬ್ಬಿಗೆ ಹಾಕಿ. ಮಲೆನಾಡಿನ ಮಳೆಗಾಲದಲ್ಲಿ ಒದ್ದೆ ಫ್ಲೈ ತುಕ್ಕು ಹಿಡಿಯಲು ಒಂದು ವಾರ ಸಾಕು.

ನಮಸ್ಕಾರ.